ನಕಲು ಪ್ರತಿಯ ಋಣ



ಕಳೆದ ತಿಂಗಳು ನಮ್ಮ ಶಾಲೆಯ ಐದನೆಯ ತರಗತಿಯ ಹುಡುಗನೊಬ್ಬನು ಪಕ್ಕದವನ ಲೆಕ್ಕವನ್ನು ನೋಡಿ ಬರೆದು ಸಿಕ್ಕಿಬಿದ್ದನು. ಉತ್ತರವೇನೋ ಸರಿಯಾಗಿಯೇ ಇತ್ತು. ಆದರೆ ಪಕ್ಕದವನು ನಡುವೆ ಒಂದು ಸಾಲನ್ನು ತಪ್ಪಾಗಿ ಬರೆದು ಹೊಡೆದುಹಾಕಿದ್ದನು. ನಮ್ಮ ಹುಡುಗನು ಆ ಸಾಲನ್ನೂ ಬರೆದು, ಅದರ ಮೇಲೆ ಅಂಥದೇ ಗೀಟನ್ನೂ ಎಳೆದಿದ್ದನು. ಮೂವತ್ತು ವರ್ಷಗಳ ಉಪಾಧ್ಯಾಯ ವೃತ್ತಿಯಲ್ಲಿ ಇಂಥ ಪ್ರಾಮಾಣಿಕವಾದ ನಕಲನ್ನು ನಾವು ಕಂಡಿರಲಿಲ್ಲ. ನಗು ತಡೆದುಕೊಂಡು, ಮುಖವನ್ನು ಗಂಭೀರ ಮಾಡಿಕೊಂಡು, ಪರರ ಶ್ರಮವನ್ನು ತನ್ನದೆಂದು ತೋರಿಸುವುದು ಎಷ್ಟು ತಪ್ಪೆಂದು ನಾವು ವಿವರಿಸತೊಡಗಿದೆವು. ಹುಡುಗನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿ, ಕೊನೆಗೆ ಮೆಲ್ಲನೆ, "ಸಾರ್, ನಮ್ಮಕ್ಕನ ಫೋನಿಗೆ ನೀವು ಹಾಕಿಕೊಟ್ರಲ್ಲ ಕತೆ, ಅದೂ ಕಾಪಿನೇ ಅಂತೆ?" ಎಂದನು.

ತರಗತಿಯೆಲ್ಲ ನಿಶ್ಶಬ್ದವಾಯಿತು. ನಮ್ಮ ಬಳಿ ಉತ್ತರವಿತ್ತು; ಆದರೆ ಅದನ್ನು ಒಂದು ಮಾತಿನಲ್ಲಿ ಹೇಳಿ ಮುಗಿಸುವಂತಿರಲಿಲ್ಲ. ಆ ಉತ್ತರವನ್ನೇ ಈ ತಿಂಗಳ ಲೇಖನವಾಗಿ ವಾಚಕರ ಮುಂದಿಡುತ್ತಿದ್ದೇವೆ.

ನಡೆದ ಸಂಗತಿ ಇದು. ೨೦೨೦ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಶಾಲೆಗಳೆಲ್ಲ ಮುಚ್ಚಿದವು. ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರುಗಳ ಸುತ್ತಿನ ಹಳ್ಳಿಗಳಲ್ಲಿ ಮನೆಮಾತು ಕನ್ನಡವಾಗಿರುವ ಸಂಸಾರಗಳು ಎಷ್ಟೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಮಕ್ಕಳು ಕಲ್ವಿ ವಾಹಿನಿಯ ತಮಿಳು ಪಾಠಗಳನ್ನು ನೋಡಿದರು. ಅದರಿಂದ ಅವರಿಗೆ ಒಳ್ಳೆಯದೇ ಆಯಿತು. ಆದರೆ ಕನ್ನಡದ ಅಕ್ಷರ ಮರೆಯಬಾರದೆಂದರೆ ಬೇರೆ ದಾರಿ ಹುಡುಕಬೇಕಾಗಿತ್ತು. ಆಗ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು, ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವನು, ನಮ್ಮ ಫೋನಿಗೆ ಒಂದು ಕನ್ನಡ ಮಕ್ಕಳ ಕಥೆಗಳ ಆಪ್‌ ಅನ್ನು ಹಾಕಿಕೊಟ್ಟನು. ಕಥೆಯನ್ನು ಯಾರೋ ಇಂಪಾದ ಧ್ವನಿಯಲ್ಲಿ ಓದುತ್ತಿದ್ದಂತೆ ಪರದೆಯ ಮೇಲಿನ ಅಕ್ಷರಗಳು ಒಂದೊಂದಾಗಿ ಬಣ್ಣ ಬದಲಿಸುತ್ತಿದ್ದವು. ಹತ್ತು ಭಾಗಗಳ ಒಂದು ಧಾರಾವಾಹಿ ಕಥೆಯೂ ಅದರಲ್ಲಿತ್ತು. ಕಾಡಿನಲ್ಲಿ ದಾರಿ ತಪ್ಪಿದ ಆನೆಮರಿಯ ಕಥೆ. ನಮ್ಮ ಕಡೆಯ ಮಕ್ಕಳಿಗೆ ಆನೆಯೆಂದರೆ ರಾಗಿ ಹೊಲಕ್ಕೆ ಬರುವ ನೆರೆಯವನೇ ಸರಿ. ಅವರು ಆ ಕಥೆಯನ್ನು ಬಿಡದೆ ಕೇಳಿದರು.

"ಇದಕ್ಕೆ ದುಡ್ಡು ಕೊಡಬೇಕಲ್ಲವೇನಪ್ಪ?" ಎಂದು ನಾವು ಕೇಳಿದ್ದುಂಟು. "ಇದು ಬೀಗ ತೆಗೆದಿರೋದು ಸಾರ್, ಕೊಡಬೇಕಾಗಿಲ್ಲ," ಎಂದನು ಶಿಷ್ಯ. ಬೀಗ ಯಾರದು, ತೆಗೆದವರು ಯಾರು ಎಂದು ನಾವು ವಿಚಾರಿಸಲಿಲ್ಲ. ಮಕ್ಕಳ ಉಪಕಾರಕ್ಕೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಆ ಕಡತವನ್ನು ಪಾಲಕರ ವಾಟ್ಸಾಪ್ ಗುಂಪಿಗೆ ನಮ್ಮ ಕೈಯಿಂದಲೇ ಕಳುಹಿಸಿದೆವು. ಆ ಪಾಲಕರು ತಮ್ಮ ನಂಟರಿಗೆ ಕಳುಹಿಸಿದರು. ಅಲ್ಲಿಂದ ಅದು ಎಲ್ಲಿಗೆ ಹೋಯಿತೆಂಬುದಕ್ಕೆ ಲೆಕ್ಕವಿಲ್ಲ.

ಈ ಬೀಗ ತೆಗೆಯುವುದೆಂದರೇನೆಂಬುದನ್ನು ನಾವು ತರುವಾಯ ತಿಳಿದುಕೊಂಡೆವು. ಆಪಲ್ ಸಂಸ್ಥೆಯ ಆಪ್ ಅಂಗಡಿಯು ೨೦೦೮ರ ಜುಲೈ ತಿಂಗಳಲ್ಲಿಯೂ, ಗೂಗಲ್ ಸಂಸ್ಥೆಯದು ಅದೇ ವರ್ಷದ ಅಕ್ಟೋಬರದಲ್ಲಿಯೂ ತೆರೆದವು. ಗೂಗಲಿನದಕ್ಕೆ ಪ್ಲೇ ಸ್ಟೋರ್ ಎಂಬ ಇಂದಿನ ಹೆಸರು ಬಂದದ್ದು ೨೦೧೨ರಲ್ಲಿ. ಆಂಡ್ರಾಯ್ಡ್ ಫೋನಿನ ಆಪ್ ಎಂದರೆ ಒಂದು ಕಡತ. ಅದಕ್ಕೆ ತಯಾರಕನು ತನ್ನ ಗುಟ್ಟಿನ ಕೀಲಿಯಿಂದ ಒಂದು ಮುದ್ರೆ ಹಾಕಿರುತ್ತಾನೆ. ನಮ್ಮ ಶಾಲೆಯ ವರ್ಗಾವಣೆ ಪತ್ರಕ್ಕೆ ಮೊಹರು ಇದ್ದ ಹಾಗೆ. ಬೆಲೆಯುಳ್ಳ ಆಪ್ ಆದರೆ ಅದು ತೆರೆದೊಡನೆ ಅಂಗಡಿಯನ್ನು, "ಈ ಗಿರಾಕಿ ನನ್ನನ್ನು ಕೊಂಡಿದ್ದಾನೆಯೆ?" ಎಂದು ಕೇಳುವ ಏರ್ಪಾಡನ್ನು ಗೂಗಲ್ ೨೦೧೦ರಲ್ಲಿ ತಯಾರಕರಿಗೆ ಒದಗಿಸಿತು. ಬೀಗ ತೆಗೆಯುವವನು ಮಾಡುವುದಿಷ್ಟೆ: ಕಡತವನ್ನು ಬಿಚ್ಚಿ, ಅಂಗಡಿಯಿಂದ 'ಇಲ್ಲ' ಎಂಬ ಉತ್ತರ ಬಂದರೂ 'ಹೌದು' ಎಂದು ಓದಿಕೊಳ್ಳುವಂತೆ ತಿದ್ದಿ, ಮತ್ತೆ ಕಟ್ಟುತ್ತಾನೆ. ಬಿಚ್ಚಿದ ಮೇಲೆ ಹಳೆಯ ಮುದ್ರೆ ನಿಲ್ಲುವುದಿಲ್ಲವಾದ್ದರಿಂದ ತನ್ನದೊಂದು ಮುದ್ರೆ ಒತ್ತುತ್ತಾನೆ. ಆಂಡ್ರಾಯ್ಡ್ ಫೋನು ಅಂಗಡಿಯ ಹೊರಗಿನಿಂದ ಬಂದ ಕಡತವನ್ನೂ, ಒಡೆಯನು ಅನುಮತಿ ಕೊಟ್ಟರೆ, ಒಳಗೆ ಸೇರಿಸಿಕೊಳ್ಳುತ್ತದೆ. ಬಿಚ್ಚಿ ಕಟ್ಟಿದವನು ನಡುವೆ ಇನ್ನೇನನ್ನು ಇಟ್ಟಿದ್ದಾನೆಂಬುದು ನಮ್ಮಂಥವರ ಕಣ್ಣಿಗೆ ಬೀಳುವುದಲ್ಲ. ಮಕ್ಕಳ ಕಥೆಯೊಂದಿಗೆ ಕಳ್ಳನೂ ಮನೆಯೊಳಕ್ಕೆ ಬರಬಹುದು.

ಇನ್ನೊಂದು ಬಗೆಯ ನಕಲು ಅಂಗಡಿಯ ಒಳಗೇ ನಡೆಯುತ್ತದೆ. ಹೆಸರಾದ ಆಪ್‌ನ ಹೆಸರನ್ನೂ ಚಿತ್ರವನ್ನೂ ಹೋಲುವ ಇನ್ನೊಂದನ್ನು ಪಕ್ಕದಲ್ಲಿಯೇ ಇಟ್ಟು ಕುಳಿತುಕೊಳ್ಳುವುದು. ೨೦೧೬ರ ಡಿಸೆಂಬರ್ ೩೦ರಂದು ಹಣ ಪಾವತಿಯ ಭೀಮ್ ಆಪ್ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅದರ ಹೆಸರಿನ ಹುಸಿ ಆಪ್‌ಗಳು ಕಾಣಿಸಿಕೊಂಡವು. ೨೦೨೧ರ ಜನವರಿಯಲ್ಲಿ ಲಸಿಕೆಗೆ ಸಂಬಂಧಿಸಿದ ಕೋವಿನ್ ಹೆಸರಿನ ಹುಸಿ ಆಪ್‌ಗಳ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯವೇ ಎಚ್ಚರಿಕೆ ಕೊಡಬೇಕಾಯಿತು. ನಿಜವಾದ ಆಪ್ ಆಗಿನ್ನೂ ಹೊರಬಂದಿರಲಿಲ್ಲ. ನಮ್ಮ ನೆರೆಯ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆಯ ಫೌಜಿ ಆಟವು ೨೦೨೧ರ ಜನವರಿ ೨೬ರಂದು ಬಿಡುಗಡೆಯಾಯಿತಷ್ಟೆ. ಅದಕ್ಕೂ ಮೊದಲೇ ಅದರ ಹೆಸರಿನ ಹುಸಿ ಆಟಗಳು ಅಂಗಡಿಗೆ ಬಂದಿದ್ದವು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂಬ ಗಾದೆಯುಂಟು. ಇಲ್ಲಿ ಕೂಸು ಹುಟ್ಟುವ ಮುನ್ನ ಕುಲಾವಿ ಕದ್ದಿದ್ದರು.

ಇದಕ್ಕೆ ತಯಾರಕರು ಏನು ಮಾಡುತ್ತಾರೆ? ಒಬ್ಬೊಬ್ಬರದು ಒಂದೊಂದು ದಾರಿ. ಚೆಕ್ ದೇಶದ ಮ್ಯಾಡ್‌ಫಿಂಗರ್ ಸಂಸ್ಥೆಯವರು ೨೦೧೨ರ ಜುಲೈಯಲ್ಲಿ ತಮ್ಮ ಡೆಡ್ ಟ್ರಿಗ್ಗರ್ ಎಂಬ ಆಟಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಯಿಟ್ಟಿದ್ದರೂ ನಕಲು ಮಿತಿಮೀರಿತೆಂದು ಹೇಳಿ, ಆಂಡ್ರಾಯ್ಡಿನಲ್ಲಿ ಅದನ್ನು ಬೆಲೆಯಿಲ್ಲದೆಯೇ ಕೊಟ್ಟುಬಿಟ್ಟರು. ಆಟದೊಳಗೆ ಮಾರುವ ಸಾಮಗ್ರಿಗಳಿಂದ ಬಂದಷ್ಟು ಬರಲೆಂದು. ಲಂಡನ್ನಿನ ಅಸ್‌ಟೂ ಸಂಸ್ಥೆಯು ೨೦೧೫ರಲ್ಲಿ ತನ್ನ ಮಾನ್ಯುಮೆಂಟ್ ವ್ಯಾಲಿ ಆಟದ ಲೆಕ್ಕವನ್ನು ಬಹಿರಂಗಪಡಿಸಿತು. ಆಂಡ್ರಾಯ್ಡ್ ಫೋನುಗಳಲ್ಲಿದ್ದ ಪ್ರತಿಗಳಲ್ಲಿ ಹಣ ಕೊಟ್ಟದ್ದು ನೂರಕ್ಕೆ ೫. ಆಪಲ್ ಫೋನುಗಳಲ್ಲಿ ನೂರಕ್ಕೆ ೪೦. ಒಬ್ಬನೇ ಗಿರಾಕಿ ಎರಡು ಮೂರು ಯಂತ್ರಗಳಲ್ಲಿ ಹಾಕಿಕೊಂಡಿರಬಹುದಾದ್ದರಿಂದ ಉಳಿದದ್ದೆಲ್ಲವೂ ಕಳವಲ್ಲವೆಂದು ಆ ಸಂಸ್ಥೆಯವರೇ ಒಪ್ಪಿಕೊಂಡರೆಂಬುದು ಅವರ ನ್ಯಾಯಬುದ್ಧಿಗೆ ಸಾಕ್ಷಿ.

ಎಲ್ಲಕ್ಕಿಂತ ಸೊಗಸಾದ ಪಾಠ ಕಲಿಸಿದವರು ಆಸ್ಟ್ರೇಲಿಯದ ಗ್ರೀನ್‌ಹಾರ್ಟ್ ಗೇಮ್ಸ್‌ನವರು. ಫೋನಿಗಿಂತ ಮೊದಲು ಗಣಕಯಂತ್ರಕ್ಕಾಗಿ ಅವರು ಮಾಡಿದ ಆಟದಲ್ಲಿ ಆಡುವವನೇ ಒಂದು ಆಟ ತಯಾರಿಸುವ ಕಂಪನಿಯ ಯಜಮಾನ. ೨೦೧೩ರ ಏಪ್ರಿಲ್ ತಿಂಗಳಲ್ಲಿ ಆಟವನ್ನು ಬಿಡುಗಡೆ ಮಾಡುವಾಗ, ಬೀಗ ತೆಗೆದಂತೆ ತೋರುವ ಒಂದು ಪ್ರತಿಯನ್ನು ಅವರೇ ಕದ್ದವರ ಸಂತೆಯಲ್ಲಿ ಇಟ್ಟುಬಂದರು. ಮೊದಲ ದಿನ ಆಡಿದವರು ೩,೩೧೮ ಮಂದಿ. ಹಣ ಕೊಟ್ಟು ಕೊಂಡವರು ೨೧೪ ಮಂದಿ ಮಾತ್ರ. ಉಳಿದ ೩,೧೦೪ ಮಂದಿಯೂ ಸಂತೆಯ ಪ್ರತಿಯನ್ನು ತೆಗೆದುಕೊಂಡವರು. ಆ ಪ್ರತಿಯಲ್ಲಿ ಒಂದು ವಿಶೇಷವಿತ್ತು. ಕೆಲ ಹೊತ್ತು ಆಡಿದ ಮೇಲೆ, "ಜನರು ನಿಮ್ಮ ಆಟವನ್ನು ಕೊಳ್ಳದೆ ಕದಿಯುತ್ತಿದ್ದಾರೆ" ಎಂಬ ಅರ್ಥದ ಸುದ್ದಿ ಬಂದು, ಆಡುವವನ ಕಂಪನಿಯು ಏನು ಮಾಡಿದರೂ ದಿವಾಳಿಯಾಗುತ್ತಿತ್ತು. ಕದ್ದು ಆಡುತ್ತಿದ್ದವರು, "ನಮ್ಮ ಆಟಗಳನ್ನು ಯಾರೋ ಕದಿಯುತ್ತಿದ್ದಾರಲ್ಲ, ಇದು ಅನ್ಯಾಯ" ಎಂದು ಬಹಿರಂಗವಾಗಿ ದೂರಿಕೊಂಡರು! ಬೆತ್ತವಿಲ್ಲದೆ, ಬೈಗುಳವಿಲ್ಲದೆ ಕಲಿಸಿದ ಪಾಠವೆಂದರೆ ಇದು. ಅನುಭವದಿಂದ ಕಲಿಸಿರೆಂದು ತರಬೇತಿ ಶಾಲೆಯಲ್ಲಿ ನಮಗೆ ಹೇಳಿದ್ದರು. ಇವರಷ್ಟು ಚೆನ್ನಾಗಿ ಅದನ್ನು ಮಾಡಿ ತೋರಿಸಿದವರು ಕಡಿಮೆ.

ನಮಗೂ ಆ ಪಾಠ ಆಗಬೇಕಾಗಿತ್ತು, ಆಯಿತು. ಆನೆಮರಿಯ ಕಥೆ ಏಳನೆಯ ಭಾಗಕ್ಕೆ ನಿಂತುಹೋಯಿತು. ಆರು ತಿಂಗಳಾದರೂ ಎಂಟನೆಯ ಭಾಗ ಬರಲಿಲ್ಲ. ಮಕ್ಕಳು ಪೀಡಿಸಿದರು. ಆಪ್‌ನಲ್ಲಿಯೇ ಕೊಟ್ಟಿದ್ದ ವಿಳಾಸಕ್ಕೆ ನಾವು ಒಂದು ಕಾಗದ ಬರೆದೆವು: ನಾವು ಗಡಿನಾಡಿನ ಶಾಲೆಯವರು, ನಮ್ಮ ಮಕ್ಕಳು ನಿಮ್ಮ ಕಥೆಯನ್ನು ಕಾಯುತ್ತಿದ್ದಾರೆ, ಮುಂದಿನ ಭಾಗ ಯಾವಾಗ ಎಂದು. ನಮ್ಮ ತಪ್ಪನ್ನು ಮರೆಮಾಚಬಾರದೆಂದು, ಪ್ರತಿ ನಮಗೆ ಬಂದ ಬಗೆಯನ್ನೂ ತಿಳಿಸಿದೆವು.

ಉತ್ತರ ಬಂದಿತು. ಬರೆದವನು ಒಬ್ಬನೇ ಯುವಕ. ಸಂಸ್ಥೆಯೂ ಇಲ್ಲ, ಕಚೇರಿಯೂ ಇಲ್ಲ. ಕಥೆ ಅವನ ತಾಯಿಯದು, ಧ್ವನಿ ಅವನ ಹೆಂಡತಿಯದು, ಉಳಿದುದೆಲ್ಲ ಅವನದು. ಕೊಂಡವರಿಗಿಂತ ಹೆಚ್ಚು ಪ್ರತಿಗಳು ತನ್ನ ಯಂತ್ರದಿಂದ ಕಥೆಯನ್ನು ಕೇಳುತ್ತಿದ್ದುದನ್ನು ಅವನು ಕಂಡಿದ್ದನು. ಆ ಯಂತ್ರದ ಬಾಡಿಗೆಯನ್ನು ಪ್ರತಿ ತಿಂಗಳೂ ಅವನೇ ತೆರಬೇಕಾಗಿತ್ತು. ಕದ್ದ ಪ್ರತಿಗಳಿಗೆ ಕಥೆ ಹೇಳುವ ಖರ್ಚೂ ಅವನದೇ. ಬೀಗವನ್ನು ಬಲಪಡಿಸುವುದರಲ್ಲಿ ದಿನ ಕಳೆದರೆ ಕಥೆ ಹೇಳುವುದು ಯಾವಾಗ ಎಂದು ಯೋಚಿಸಿ, ಅವನು ಬೇರೆ ಉದ್ಯೋಗ ಹಿಡಿದನು. ಕಾಗದದಲ್ಲಿ ಕೋಪದ ಮಾತು ಒಂದೂ ಇರಲಿಲ್ಲ. ಕೊನೆಯ ಸಾಲು ಮಾತ್ರ ನಮ್ಮನ್ನು ಇಂದಿಗೂ ಚುಚ್ಚುತ್ತದೆ: "ಶಾಲೆಗೆ ಬೇಕೆಂದು ಕೇಳಿದ್ದರೆ ಸಂತೋಷದಿಂದ ಕೊಡುತ್ತಿದ್ದೆ, ಸರ್."

ಕೇಳಿದ್ದರೆ! ಕೇಳುವುದಕ್ಕೆ ನಮಗೆ ಏನು ಅಡ್ಡಿಯಿತ್ತು? ವಿಳಾಸವು ಆಪ್‌ನಲ್ಲಿಯೇ ಇತ್ತು.

ಶಾಲೆ ತೆರೆದ ಮೇಲೆ ಪಾಲಕರ ಸಭೆಯಲ್ಲಿ ಈ ಕಾಗದವನ್ನು ಓದಿ ಹೇಳಿದೆವು. ನಾವೇ ಹಂಚಿದ ವಸ್ತುವಿನ ತಪ್ಪನ್ನು ನಾವೇ ಹೇಳಬೇಕಲ್ಲವೆ? ಹಿರಿಯ ರೈತರೊಬ್ಬರು ಎದ್ದು ನಿಂತರು. "ಮೇಷ್ಟ್ರೇ, ನಾನು ರಾಗಿ ಬೀಜ ಪಕ್ಕದ ಹೊಲದವನಿಗೆ ಕೊಡ್ತೀನಿ. ಕೊಟ್ಟರೆ ನನ್ನ ಕಣಜ ಬರಿದಾಗುತ್ತೆ; ಆದರೂ ಕೊಡ್ತೀನಿ. ಈ ಕತೆ ಕೊಟ್ಟರೆ ನಿಮ್ಮ ಫೋನು ಬರಿದಾಗಲಿಲ್ಲವಲ್ಲ? ಅದು ಹೆಂಗೆ ಕಳ್ಳತನ ಆಯ್ತು?" ಎಂದು ಕೇಳಿದರು.

ಒಳ್ಳೆಯ ಪ್ರಶ್ನೆ. ಅದನ್ನು ತಳ್ಳಿಹಾಕುವುದು ಸಾಧ್ಯವಿಲ್ಲ. ರೈತನಿಗೆ ಆ ಹಕ್ಕನ್ನು ಕಾನೂನೇ ಕೊಟ್ಟಿದೆ. ೨೦೦೧ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮದಂತೆ ರೈತನು ತಾನು ಬೆಳೆದ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಸಂರಕ್ಷಿತ ತಳಿಯನ್ನು ಅದರ ಹೆಸರಿನ ಚೀಲದಲ್ಲಿ ಕಟ್ಟಿ ಮಾರುವಂತಿಲ್ಲ ಅಷ್ಟೆ. ಇತ್ತ ಗಣಕದ ಕ್ರಮವಿಧಿಗಳನ್ನು ೧೯೫೭ರ ಕೃತಿಸ್ವಾಮ್ಯ ಅಧಿನಿಯಮವು ೧೯೮೪ರ ತಿದ್ದುಪಡಿಯ ಬಳಿಕ ಸಾಹಿತ್ಯಕೃತಿಯ ಸಾಲಿಗೆ ಸೇರಿಸಿದೆ. ಕದ್ದ ಪ್ರತಿಯೆಂದು ತಿಳಿದೂ ತಿಳಿದೂ ಬಳಸಿದವನಿಗೆ ೭ ದಿನಗಳಿಗೆ ಕಡಿಮೆಯಿಲ್ಲದೆ ೩ ವರ್ಷಗಳವರೆಗೆ ಸೆರೆವಾಸವನ್ನೂ, ೫೦,೦೦೦ ರೂಪಾಯಿಗೆ ಕಡಿಮೆಯಿಲ್ಲದ ದಂಡವನ್ನೂ ಅದು ವಿಧಿಸುತ್ತದೆ. ಲಾಭಕ್ಕಾಗಿ ಬಳಸಿಲ್ಲವಾದರೆ ನ್ಯಾಯಾಲಯವು ಸೆರೆವಾಸವನ್ನು ಬಿಟ್ಟುಕೊಡಬಹುದು. ಅದೇ ಅಧಿನಿಯಮವು ಪಾಠದ ಸಂದರ್ಭದಲ್ಲಿ ಉಪಾಧ್ಯಾಯನು ಮಾಡಿಕೊಳ್ಳುವ ಪ್ರತಿಗೆ ಸ್ವಲ್ಪ ಸಡಿಲವನ್ನೂ ಕೊಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೊಕದ್ದಮೆಯಲ್ಲಿ ೨೦೧೬ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಈ ಸಡಿಲವನ್ನು ವಿದ್ಯಾರ್ಥಿಗಳ ಪರವಾಗಿಯೇ ಅರ್ಥೈಸಿತು. ಆದರೆ ಯಾರೋ ಬೀಗ ಮುರಿದು ಹರಿಬಿಟ್ಟ ಇಡೀ ಆಪ್‌ ಅನ್ನು ಊರಿಗೆಲ್ಲ ಹಂಚಲು ಆ ಸಡಿಲವನ್ನು ನೆಪ ಮಾಡಿಕೊಳ್ಳುವ ಧೈರ್ಯ ನಮಗಿಲ್ಲ.

ಸಭೆಯಲ್ಲಿ ನಾವು ಕಾನೂನನ್ನು ಎತ್ತಲಿಲ್ಲ. "ಗೌಡರೇ, ಪಕ್ಕದ ಹೊಲದವರು ನಿಮ್ಮ ರಾಗಿಗೆ ಬದಲಾಗಿ ಏನೂ ಕೊಡುವುದಿಲ್ಲವೆ?" ಎಂದು ಕೇಳಿದೆವು. "ಹುರುಳಿ ಕೊಡ್ತಾನೆ. ಇಲ್ಲಾಂದ್ರೆ ಒಂದಿನ ಏರು ಹೂಡಿ ಕೊಡ್ತಾನೆ," ಎಂದರು. "ಆ ಹುಡುಗನಿಗೆ ನಾವು ಹುರುಳಿಯನ್ನೂ ಕೊಡಲಿಲ್ಲ, ಏರನ್ನೂ ಕೊಡಲಿಲ್ಲ. ನಿಮ್ಮ ರಾಗಿಯನ್ನು ನೀವು ಕೊಟ್ಟಿರಿ. ಅವನ ಕಥೆಯನ್ನು ಅವನು ಕೊಡಲಿಲ್ಲ, ನಾವು ಕೊಟ್ಟೆವು," ಎಂದೆವು. ಗೌಡರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದರೆ ಹುರುಳಿ ಕಳಿಸೋಣ ಬಿಡಿ," ಎಂದರು. ಆಪ್‌ಗೆ ಅಂಗಡಿಯಲ್ಲಿದ್ದ ಬೆಲೆಯನ್ನೇ ಪಟ್ಟಿ ಮಾಡಿ, ಕೈಲಾದವರಿಂದ ಪಡೆದು, ಉಳಿದುದನ್ನು ನಾವು ಸೇರಿಸಿ, ಆ ಯುವಕನಿಗೆ ಕಳುಹಿಸಿದೆವು.

ಇಲ್ಲಿ ಇನ್ನೊಂದು ಮಾತನ್ನು ಹೇಳದಿದ್ದರೆ ಲೇಖನ ಒಕ್ಕಣ್ಣಿನದಾಗುತ್ತದೆ. ಹಂಚುವುದೆಲ್ಲ ಕಳವಲ್ಲ. ಕನ್ನಡವು ಗಣಕಯಂತ್ರದಲ್ಲಿ ನೆಲೆಯೂರಿದ್ದೇ ಹಂಚಿದವರ ಔದಾರ್ಯದಿಂದ. ಮಂಗಳೂರಿನ ಕಡೆಯ ಕಿನ್ನಿಕಂಬಳ ಪದ್ಮನಾಭ ರಾಯರು ಕನ್ನಡದ ಧ್ವನಿಕ್ರಮಕ್ಕೆ ಹೊಂದುವಂತೆ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ, ಅದರ ಮೇಲೆ ಸ್ವಾಮ್ಯ ಹೂಡದೆ ನಾಡಿಗೆ ಬಿಟ್ಟುಕೊಟ್ಟರು. ಅದೇ ಅಲ್ಪಸ್ವಲ್ಪ ಮಾರ್ಪಾಟಿನೊಂದಿಗೆ ಕರ್ನಾಟಕ ಸರ್ಕಾರದ ಮಾನ್ಯತೆ ಪಡೆಯಿತು. ನೆರೆಯ ಬಾಂಗ್ಲಾದೇಶದ ಕಥೆ ಬೇರೆ. ಅಲ್ಲಿ ಬಿಜಯ್ ಎಂಬ ಕೀಲಿಮಣೆಗೆ ಒಡೆಯರಿದ್ದರು. ವಿವಾದ ಬೆಳೆದು, ಅಭ್ರ ಎಂಬ ಉಚಿತ ತಂತ್ರಾಂಶವು ೨೦೧೦ರಲ್ಲಿ ಅದನ್ನು ಹೋಲುವ ವಿನ್ಯಾಸವನ್ನು ಕೈಬಿಡಬೇಕಾಯಿತು. ೨೦೧೫ರಲ್ಲಿ ರಿದ್ಮಿಕ್ ಎಂಬ ಕೀಲಿಮಣೆಯ ಆಪ್‌ ಅನ್ನು ದೂರಿನ ಮೇರೆಗೆ ಗೂಗಲ್ ತನ್ನ ಅಂಗಡಿಯಿಂದ ತೆಗೆಯಿತು. ಮಾತೃಭಾಷೆಯ ಅಕ್ಷರ ಬರೆಯುವ ದಾರಿಗೆ ಸುಂಕದ ಕಟ್ಟೆ ಬಿದ್ದರೆ ಎಂಥ ತೊಡಕಾಗುತ್ತದೆಂಬುದಕ್ಕೆ ಅದು ನಿದರ್ಶನ. ರಾಯರ ತ್ಯಾಗದ ಬೆಲೆ ಆಗ ತಿಳಿಯುತ್ತದೆ.

ಶೇಷಾದ್ರಿವಾಸು ಅವರ ಬರಹ ತಂತ್ರಾಂಶವೂ ೧೯೯೮ರಲ್ಲಿ ಬಂದು ಬಹುಕಾಲ ಉಚಿತವಾಗಿಯೇ ದೊರೆಯುತ್ತಿತ್ತು. ಮುಂದೆ ಅದಕ್ಕೆ ಬೆಲೆಯಿಟ್ಟರು. ಉಚಿತವಾಗಿ ಕೊಟ್ಟದ್ದೂ ಅವರ ಇಷ್ಟ, ಬೆಲೆಯಿಟ್ಟದ್ದೂ ಅವರ ಇಷ್ಟ. ಕಾಸರಗೋಡಿನ ನಮ್ಮ ಕನ್ನಡ ಶಾಲೆಗಳ ಮಕ್ಕಳು ಕೇರಳದ ಕೈಟ್ ಸಂಸ್ಥೆ ಒದಗಿಸಿದ ಸ್ವತಂತ್ರ ತಂತ್ರಾಂಶದಲ್ಲಿ ಗಣಕ ಕಲಿಯುತ್ತಾರೆ. ಅದನ್ನು ಹಂಚಬಹುದು, ತಿದ್ದಲೂಬಹುದು. ತಮಿಳುನಾಡು ಸರ್ಕಾರವು ೨೦೧೧ರಿಂದ ನಮ್ಮ ವಿದ್ಯಾರ್ಥಿಗಳಿಗೆ ಕೊಟ್ಟ ಲ್ಯಾಪ್‌ಟಾಪುಗಳಲ್ಲಿಯೂ ಬಾಸ್ ಎಂಬ ಸ್ವತಂತ್ರ ತಂತ್ರಾಂಶವಿತ್ತು. ಮಲಯಾಳದ ಸ್ವಯಂಸೇವಕರು ಕಟ್ಟಿದ ಇಂಡಿಕ್ ಕೀಬೋರ್ಡ್ ಎಂಬ ಆಪ್ ಕನ್ನಡವನ್ನೂ ಬರೆಯುತ್ತದೆ, ಅದೂ ಸ್ವತಂತ್ರವೇ. ಬಡ ಶಾಲೆಗೆ ಧರ್ಮದ ದಾರಿಗಳೇ ಇಲ್ಲವೆಂದು ನಾವು ಅಂದುಕೊಂಡದ್ದು ನಮ್ಮ ಅಜ್ಞಾನ.

ಕನ್ನಡದಂಥ ಭಾಷೆಯಲ್ಲಿ, ಅದರಲ್ಲೂ ಗಡಿನಾಡಿನಲ್ಲಿ, ಈ ವಿಚಾರಕ್ಕೆ ಹೆಚ್ಚಿನ ತೂಕವಿದೆ. ಇಂಗ್ಲಿಷಿನ ಆಟವೊಂದನ್ನು ಸಾವಿರ ಮಂದಿ ಕದ್ದರೂ ಕೊಳ್ಳುವವರು ಲಕ್ಷ ಮಂದಿ ಉಳಿಯುತ್ತಾರೆ. ಕನ್ನಡದ ಮಕ್ಕಳ ಕಥೆಯ ಆಪ್‌ ಅನ್ನು ಕೊಳ್ಳುವವರೇ ಬೆರಳೆಣಿಕೆ. ನಾವು ಕಳುಹಿಸಿದ ಒಂದು ಕಡತವೇ ಅದಕ್ಕೆ ಕೊನೆಯ ಏಟಾಯಿತೆಂದು ಹೇಳಲಾರೆವು. ಆದರೆ ಏಟು ಕೊಟ್ಟವರ ಸಾಲಿನಲ್ಲಿ ನಾವಿದ್ದೆವು. ಕದ್ದ ಪ್ರತಿಯೂ ಬಹುಕಾಲ ಬಾಳಲಿಲ್ಲ. ಹೊಸ ಫೋನುಗಳಿಗೆ ತಕ್ಕಂತೆ ತಿದ್ದುವವರಿಲ್ಲದೆ ಅದು ಒಂದೊಂದೇ ಮನೆಯಲ್ಲಿ ಕಣ್ಣು ಮುಚ್ಚಿತು. ಆ ಹುಡುಗನ ಅಕ್ಕನ ಹಳೆಯ ಫೋನಿನಲ್ಲಿ ಮಾತ್ರ ಏಳು ಭಾಗಗಳು ಈಗಲೂ ಇವೆಯಂತೆ.

ನಮ್ಮ ಹಣಕ್ಕೆ ರಸೀದಿಯಂತೆ ಆ ಯುವಕನಿಂದ ಒಂದು ಕಾಗದ ಬಂದಿತ್ತು. ಆಪ್ ಮತ್ತೆ ಆರಂಭವಾಗಲಿಲ್ಲ. ಕೊನೆಯ ಮೂರು ಭಾಗಗಳನ್ನು ಅವನ ತಾಯಿ ಬರೆದೇ ಇರಲಿಲ್ಲ. ಮಕ್ಕಳು ಬೇಕಾದರೆ ಮುಂದುವರಿಸಲಿ, ತಮ್ಮ ಅಡ್ಡಿಯಿಲ್ಲ ಎಂದು ತಾಯಿ ಹೇಳಿದ್ದಾಗಿ ಅವನು ಬರೆದಿದ್ದನು. ಆ ಅನುಮತಿಯನ್ನು ನಾವು ಇಷ್ಟು ಕಾಲ ಬಳಸಿರಲಿಲ್ಲ.

ಕಳೆದ ತಿಂಗಳ ಪ್ರಶ್ನೆಯ ಮರುದಿನ ತರಗತಿಗೆ ಹೋಗಿ, "ಹೌದಪ್ಪ, ಅದೂ ಕಾಪಿಯೇ. ಮಾಡಿದ್ದು ನಾವು. ತಪ್ಪಾಯಿತು," ಎಂದು ಹೇಳಿ, ನಡೆದುದನ್ನೆಲ್ಲ ವಿವರಿಸಿ, ಏಳು ಭಾಗಗಳನ್ನೂ ಕಥೆಯಾಗಿ ಹೇಳಿದೆವು. ಬಳಿಕ ಎಂಟನೆಯ ಭಾಗವನ್ನು ಅವರವರೇ ಬರೆದು ತರುವಂತೆ ಹೇಳಿದೆವು. ಒಬ್ಬಳ ಆನೆಮರಿ ಅಂಚೆಟ್ಟಿಯ ಕಾಡಿಗೆ ಹೋಯಿತು. ಇನ್ನೊಬ್ಬನದು ಗುಲಾಬಿ ತೋಟಕ್ಕೆ ನುಗ್ಗಿ ಮುಳ್ಳು ಚುಚ್ಚಿಸಿಕೊಂಡಿತು. ಲೆಕ್ಕ ನೋಡಿ ಬರೆದ ಹುಡುಗನು ಒಂದೂವರೆ ಪುಟ ಬರೆದು ತಂದನು. ತಪ್ಪುಗಳು ಬಹಳ, ಹೊಡೆದುಹಾಕಿದ ಸಾಲುಗಳು ಇನ್ನೂ ಬಹಳ. ಪಕ್ಕದವನ ಪುಸ್ತಕವನ್ನೂ ತೆಗೆದು ಹೋಲಿಸಿ ನೋಡಿದೆವು. ಒಂದು ಗೀಟೂ ಹೋಲಲಿಲ್ಲ.

ಆ ಹಾಳೆಗಳನ್ನು ಕಥೆಯ ತಾಯಿಗೆ ಅಂಚೆಯಲ್ಲಿ ಕಳುಹಿಸಿದ್ದೇವೆ.